ಬೀರೂರಿಗೂ ಒಂದು ಸರ್ವರ್ ಬೇಕು

2023ರ ಜೂನ್ 18ರಂದು ಗೃಹಜ್ಯೋತಿಗೆ, ಜುಲೈ 19ರಂದು ಗೃಹಲಕ್ಷ್ಮಿಗೆ ಅರ್ಜಿ ತೆಗೆದುಕೊಳ್ಳಲು ಶುರುವಾದಾಗ, ರಾಜ್ಯದ ಊರೂರುಗಳಲ್ಲಿ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತವರಿಗೆ ಒಳಗಿನಿಂದ ಮತ್ತೆ ಮತ್ತೆ ಕೇಳಿಸಿದ್ದು ‘ಸರ್ವರ್ ಇಲ್ಲ’ ಎಂಬ ಮಾತು. ಪಡಿತರ ಅಂಗಡಿಯ ಬೆರಳಚ್ಚಿನ ಯಂತ್ರದ ಮುಂದೆಯೂ ಅದೇ ಮಾತು, ನಾಡಕಚೇರಿಯಲ್ಲೂ ಅದೇ, ಆಸ್ತಿ ನೋಂದಣಿಗೆ ಹೋದರೂ ಅದೇ. ‘ಕರೆಂಟ್ ಇಲ್ಲ’ ಎಂದರೆ ಜನ ಸುಮ್ಮನೆ ಕೂರುವುದಿಲ್ಲ. ಯಾವ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಲೈನ್‌ಮನ್ ಬಂದನೇ, ಮೆಸ್ಕಾಂ ಕಚೇರಿಗೆ ಫೋನ್ ಮಾಡಿದಿರಾ ಎಂದು ವಿಚಾರಿಸುತ್ತಾರೆ. ವಿದ್ಯುತ್ತು ಎಲ್ಲಿಂದ ಬರುತ್ತದೆ, ಎಲ್ಲಿ ಕೆಡುತ್ತದೆ ಎಂಬ ಅಂದಾಜು ಊರಿಗೆ ಇದೆ. ‘ಸರ್ವರ್ ಇಲ್ಲ’ ಎಂದಾಗ ಮಾತ್ರ ಎಲ್ಲರೂ ಮರುಮಾತಿಲ್ಲದೆ ಮನೆಗೆ ಹಿಂದಿರುಗುತ್ತಾರೆ. ಅದು ಏನು, ಎಲ್ಲಿದೆ, ಯಾಕೆ ನಿಂತಿತು, ಯಾರನ್ನು ಕೇಳಬೇಕು ಎಂಬುದು ಕಿಟಕಿಯ ಆಚೆಗಿನ ಸಾಲಿಗೂ ಗೊತ್ತಿಲ್ಲ, ಈಚೆಗೆ ಕುಳಿತ ಆಪರೇಟರಿಗೂ ಗೊತ್ತಿಲ್ಲ. ಬದುಕಿನ ಇಷ್ಟೊಂದು ವ್ಯವಹಾರವನ್ನು ನಿಯಂತ್ರಿಸುವ ಯಂತ್ರವೊಂದರ ಬಗ್ಗೆ ಊರಿಗೆ ಊರೇ ಕತ್ತಲಲ್ಲಿರುವುದು ಒಳ್ಳೆಯದಲ್ಲ. ಸಣ್ಣದೊಂದು ವೆಬ್ ಸರ್ವರನ್ನು ಕಟ್ಟಿ ನಡೆಸುವುದು ಬೆಂಗಳೂರಿನ ಟೆಕ್ ಪಾರ್ಕುಗಳಿಗೆ ಮೀಸಲಾದ ವಿದ್ಯೆಯಲ್ಲ. ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಕಾಲೇಜು, ಐಟಿಐ, ಗ್ರಂಥಾಲಯಗಳಲ್ಲಿ ಕಲಿಯಬಹುದಾದ, ಕಲಿಸಲೇಬೇಕಾದ ಕಸುಬು ಅದು ಎಂಬುದು ಈ ಲೇಖನದ ವಾದ.

ಮೊದಲು ಸರ್ವರ್ ಎಂಬುದರ ಸುತ್ತ ಕವಿದಿರುವ ಮಂಜನ್ನು ಸರಿಸಬೇಕು. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ ಕಡತವನ್ನು ಕಳಿಸಿಕೊಡಲು ಸದಾ ಸಿದ್ಧವಾಗಿರುವ ಒಂದು ಕಂಪ್ಯೂಟರ್. ಆ ಕೆಲಸ ಮಾಡುವ ತಂತ್ರಾಂಶಕ್ಕೂ ಅದೇ ಹೆಸರು. ಜಗತ್ತಿನ ಮೊದಲ ವೆಬ್ ಸರ್ವರ್ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿದ್ದ ಒಂದು ನೆಕ್ಸ್ಟ್ ಕಂಪ್ಯೂಟರ್. ಇದು ಸರ್ವರ್, ದಯವಿಟ್ಟು ಆಫ್ ಮಾಡಬೇಡಿ ಎಂಬ ಅರ್ಥದ ಚೀಟಿಯೊಂದನ್ನು ಅದರ ಮೇಲೆ ಅಂಟಿಸಲಾಗಿತ್ತು. ಯಾರಾದರೂ ಸ್ವಿಚ್ ಒತ್ತಿದ್ದರೆ ಅಂದಿನ ವೆಬ್ ಪೂರ್ತಿಯಾಗಿ ಮಾಯವಾಗುತ್ತಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಇಂದು ವೆಬ್ ಎಂಬುದು ಕೆಲವೇ ಕಂಪನಿಗಳ ಸ್ವತ್ತಿನಂತೆ ಕಾಣುತ್ತಿದ್ದರೂ ಅದರ ಹುಟ್ಟಿನಲ್ಲಿ ಅಂಥ ಗುಣವಿರಲಿಲ್ಲ. ಓದುವ ಕಂಪ್ಯೂಟರಿಗೂ ಉಣಬಡಿಸುವ ಕಂಪ್ಯೂಟರಿಗೂ ಜಾತಿಭೇದ ಇರಲಿಲ್ಲ. ಈಗಲೂ ಇಲ್ಲ; ನಾವು ಒಂದು ಬದಿಯನ್ನು ಮಾತ್ರ ಕಲಿತು ಇನ್ನೊಂದನ್ನು ಬಿಟ್ಟುಕೊಟ್ಟಿದ್ದೇವೆ.

ಹಗುರವಾದ ಸರ್ವರ್ ಎಂಬ ಮಾತಿಗೂ ಒಂದು ಚರಿತ್ರೆ ಇದೆ. 1995ರಲ್ಲಿ ಬಂದ ಅಪಾಚೆ ಬಹುಕಾಲ ವೆಬ್ಬಿನ ಬಹುಭಾಗವನ್ನು ಹೊತ್ತಿತು. ಅದರ ಹಳೆಯ ಕ್ರಮದಲ್ಲಿ ಬಂದ ಒಂದೊಂದು ಕೋರಿಕೆಗೂ ಒಂದೊಂದು ಪ್ರತ್ಯೇಕ ಪ್ರಕ್ರಿಯೆಯನ್ನು ಮೀಸಲಿಡಬೇಕಿತ್ತು. ಪ್ರತಿಯೊಂದೂ ತನ್ನ ಪಾಲಿನ ಮೆಮೊರಿಯನ್ನು ಹಿಡಿದು ಕೂರುತ್ತಿತ್ತು. ಬೀರೂರು ಜಂಕ್ಷನ್ನಿಗೆ ಬಂದ ಪ್ರತಿ ರೈಲಿಗೂ ಒಬ್ಬೊಬ್ಬ ಸ್ಟೇಷನ್ ಮಾಸ್ಟರನ್ನು ನೇಮಿಸಿ, ಆ ರೈಲು ಹೊರಡುವ ತನಕ ನೀನು ಬೇರೆ ಯಾವುದನ್ನೂ ನೋಡಕೂಡದು ಎಂದರೆ ಹೇಗೋ ಹಾಗೆ. 1899ರಲ್ಲಿ ಶಿವಮೊಗ್ಗದ ಕವಲು ತೆರೆದಂದಿನಿಂದ ಎರಡು ದಾರಿಗಳ ಗಾಡಿಗಳನ್ನು ನೋಡಿಕೊಂಡು ಬಂದ ಆ ನಿಲ್ದಾಣದಲ್ಲಿ ಒಬ್ಬರೇ ಸ್ಟೇಷನ್ ಮಾಸ್ಟರು ಬರುವ ಗಾಡಿ, ನಿಂತ ಗಾಡಿ, ಹೊರಡುವ ಗಾಡಿ ಎಲ್ಲವನ್ನೂ ಸಿಗ್ನಲ್ ಬಂದಂತೆ ಗಮನಿಸುತ್ತಾರೆ. ಗಾಡಿ ಸುಮ್ಮನೆ ನಿಂತಿರುವಾಗ ಅದರ ಮುಂದೆ ಕಾದು ನಿಲ್ಲುವುದಿಲ್ಲ. 1999ರಲ್ಲಿ ಡಾನ್ ಕೆಗೆಲ್ ಎಂಬ ಪ್ರೋಗ್ರಾಮರ್, ಒಂದೇ ಸಾಧಾರಣ ಕಂಪ್ಯೂಟರ್ ಏಕಕಾಲಕ್ಕೆ ಹತ್ತು ಸಾವಿರ ಜನರಿಗೆ ಉತ್ತರಿಸಬಾರದೇಕೆ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಆ ಪ್ರಶ್ನೆಗೆ ಉತ್ತರವಾಗಿ 2003ರಲ್ಲಿ ಜರ್ಮನಿಯ ಯಾನ್ ಕ್ನೆಶ್ಕೆ ‘ಲೈಟಿ’ ಎಂದು ಕರೆಯಲಾಗುವ ಸರ್ವರನ್ನು ಬರೆದರು. ರಷ್ಯಾದ ಇಗೋರ್ ಸಿಸೊಯೆವ್ 2004ರಲ್ಲಿ ಎಂಜಿನ್‌ಎಕ್ಸ್ ಅನ್ನು ಬಿಡುಗಡೆ ಮಾಡಿದರು. ಇವು ಕೆಲಸ ಮಾಡುವುದು ಸ್ಟೇಷನ್ ಮಾಸ್ಟರನ ರೀತಿಯಲ್ಲಿ. ಯೂಟ್ಯೂಬ್ ತನ್ನ ಎಳವೆಯಲ್ಲಿ ವಿಡಿಯೋಗಳನ್ನು ಬಡಿಸಿದ್ದು ಈ ಲೈಟಿಯಿಂದಲೇ. ಜಗತ್ತಿಗೆ ವಿಡಿಯೋ ಹಂಚಿದ ತಂತ್ರಾಂಶ ಬೀರೂರಿನ ಕಾಲೇಜೊಂದರ ಮೂಲೆಯಲ್ಲಿ ಧೂಳು ಹಿಡಿದ, ಒಂದು ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುತ್ತದೆ. ಪೈಸೆ ಕೊಡಬೇಕಾಗಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಹಾಗಾದರೆ ಕಲಿಯಬೇಕಾದದ್ದು ಏನು? ಡೆಬಿಯನ್‌ನಂಥ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುವುದು, ಅದರ ಮೇಲೆ ಸರ್ವರ್ ತಂತ್ರಾಂಶವನ್ನು ಒಂದು ಆದೇಶದಿಂದ ಸ್ಥಾಪಿಸುವುದು, ಒಂದು ಫೋಲ್ಡರಿನಲ್ಲಿ ಪುಟಗಳನ್ನಿಡುವುದು: ಇಷ್ಟು ಒಂದು ಮಧ್ಯಾಹ್ನದ ಕೆಲಸ. ಕಸುಬು ಶುರುವಾಗುವುದು ಅದರ ನಂತರ. ಎಂಜಿನ್‌ಎಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ಅದು ಹೊರಡಲು ಒಪ್ಪುವುದಿಲ್ಲ. ಆದರೆ ಬದಲಾವಣೆಯನ್ನು ಜಾರಿಗೆ ತರುವ ಮೊದಲು ಪರೀಕ್ಷಿಸಿ ನೋಡುವ ಆದೇಶವೂ ಅದರಲ್ಲಿದೆ. ತಪ್ಪು ಯಾವ ಸಾಲಿನಲ್ಲಿದೆ ಎಂದು ಅದು ಹೇಳುತ್ತದೆ. ಪರೀಕ್ಷಿಸಿದ ಮೇಲೆಯೇ ಜಾರಿ ಮಾಡುವುದು ಎಂಬ ಶಿಸ್ತು ಕೈಗೆ ಹತ್ತಬೇಕು. ದೋಷದ ಸಂಖ್ಯೆಗಳನ್ನು ಓದಲೂ ಕಲಿಯಬೇಕು: ಕಡತ ಇದ್ದರೂ 403 ಎಂದು ಬಂದರೆ ಓದುವ ಅನುಮತಿ ಇಲ್ಲ, 404 ಎಂದರೆ ಕೇಳಿದ ಪುಟವೇ ಇಲ್ಲ, 502 ಎಂದರೆ ಹಿಂದೆ ನಿಂತ ಇನ್ನೊಂದು ತಂತ್ರಾಂಶದಿಂದ ಸರಿಯಾದ ಉತ್ತರ ಬಂದಿಲ್ಲ. ಬಂದವರು ಯಾರು, ಯಾವ ಹೊತ್ತಿಗೆ, ಏನು ಕೇಳಿದರು, ಏನು ಉತ್ತರ ಹೋಯಿತು ಎಂಬುದೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಅದನ್ನು ಓದಬಲ್ಲವರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ಎಂದೂ ಸಾಕಾಗುವುದಿಲ್ಲ. ಡಿಸ್ಕ್ ತುಂಬಿತೇ, ಮೆಮೊರಿ ಸಾಲದಾಯಿತೇ, ದತ್ತಾಂಶದ ಕೋಶ ನಿಧಾನವಾಯಿತೇ, ದಾರಿಯಲ್ಲಿ ಜಾಲವೇ ಕಡಿಯಿತೇ ಎಂದು ಕೇಳುವ ಬುದ್ಧಿ ಬರುತ್ತದೆ. ನಾಗರಿಕನೊಬ್ಬನಿಗೆ ಇದು ಸಣ್ಣ ಲಾಭವಲ್ಲ. ಗೃಹಲಕ್ಷ್ಮಿಯ ದಿನಗಳಲ್ಲಿ ಲಕ್ಷಾಂತರ ಜನ ಒಟ್ಟಿಗೆ ಬರುತ್ತಾರೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಅಷ್ಟು ಭಾರಕ್ಕೆ ವ್ಯವಸ್ಥೆಯನ್ನು ಮುಂಚೆಯೇ ಪರೀಕ್ಷಿಸಿದ್ದರೇ ಎಂದು ಊರೂರಿನಲ್ಲಿ ಕೇಳುವವರಿದ್ದಿದ್ದರೆ ಉತ್ತರ ಕೊಡುವ ಹೊಣೆಯೂ ಬರುತ್ತಿತ್ತು.

ಕನ್ನಡದ ಪುಟಗಳನ್ನು ಬಡಿಸುವವರಿಗೆ ಎರಡು ಪಾಠಗಳು ಹೆಚ್ಚು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತು, ಗುಣಿತಗಳು ಬೇರೆ ಬೇರೆ ಸಂಕೇತಗಳಾದ್ದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಹದಿನೆಂಟು ಬೈಟ್ ತೆಗೆದುಕೊಳ್ಳುತ್ತದೆ. ಆದರೆ ಕಳಿಸುವ ಮುನ್ನ ಪುಟವನ್ನು ಸಂಕುಚಿಸುವ ಅನುಕೂಲ ಪ್ರಮುಖ ಸರ್ವರುಗಳಲ್ಲೆಲ್ಲ ಇದೆ. ಮರುಕಳಿಸುವ ಬೈಟುಗಳೇ ಹೆಚ್ಚಾಗಿರುವುದರಿಂದ ಕನ್ನಡದ ಪುಟ ಅದರಲ್ಲಿ ತುಂಬ ಚೆನ್ನಾಗಿ ಕುಗ್ಗುತ್ತದೆ. ಒಂದು ಸಾಲು ಸೇರಿಸಿದರೆ ಸಾಕು, ಸಿಗ್ನಲ್ ಸರಿಯಿಲ್ಲದ ತೋಟದ ಮನೆಯಲ್ಲೂ ಪುಟ ಬೇಗ ತೆರೆಯುತ್ತದೆ. ಇನ್ನೊಂದು, ಪುಟ ಯಾವ ಸಂಕೇತಕ್ರಮದಲ್ಲಿದೆ ಎಂಬುದನ್ನು ಸರ್ವರ್ ಬ್ರೌಸರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಅಚ್ಚುಕಟ್ಟಾದ ಕನ್ನಡವೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸಬಹುದು. ಇಂಗ್ಲಿಷ್ ಪುಟಗಳನ್ನೇ ಕಣ್ಣಮುಂದಿಟ್ಟುಕೊಂಡು ಬರೆದ ಕೈಪಿಡಿಗಳಲ್ಲಿ ಇಂಥ ಸಂಗತಿಗಳಿಗೆ ಒತ್ತು ಇರುವುದಿಲ್ಲ. ನಮ್ಮ ಭಾಷೆಯ ಪುಟಗಳನ್ನು ನಾವೇ ಬಡಿಸತೊಡಗಿದಾಗ ಮಾತ್ರ ಇವು ಕಣ್ಣಿಗೆ ಬೀಳುತ್ತವೆ.

ಕರೆಂಟಿನದು, ಇಂಟರ್ನೆಟ್ಟಿನದು ಏನು ಗತಿ ಎಂಬುದು ಸಹಜವಾದ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. 2012ರಲ್ಲಿ 35 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ವಂಶದವು ಇಂಥ ಕೆಲಸಕ್ಕೆ ಸುಮಾರು ಐದು ವಾಟ್ ಬಳಸುತ್ತವೆ ಎಂದಿಟ್ಟುಕೊಂಡರೂ ದಿನವಿಡೀ ಓಡಿದರೆ 0.12 ಯೂನಿಟ್, ತಿಂಗಳಿಗೆ ನಾಲ್ಕು ಯೂನಿಟ್ಟಿಗೂ ಕಡಿಮೆ. ಕರೆಂಟ್ ಹೋದಾಗ ಕೆಲವು ಗಂಟೆ ದಾಟಿಸಲು ರೌಟರಿಗೆಂದು ಮಾರುವ ಪುಟ್ಟ ಯುಪಿಎಸ್‌ಗಳೇ ಸಾಕು. ‘ಲೋ-ಟೆಕ್ ಮ್ಯಾಗಜೀನ್’ ಎಂಬ ಪತ್ರಿಕೆ 2018ರಿಂದ ತನ್ನ ಜಾಲತಾಣವನ್ನು ಬಾರ್ಸಿಲೋನಾದ ಒಂದು ಮನೆಯಲ್ಲಿಟ್ಟ ಸೌರಫಲಕದಿಂದಲೇ ನಡೆಸುತ್ತಿದೆ. ಬಹುದಿನ ಮೋಡ ಕವಿದರೆ ತಾಣ ನಿಲ್ಲುತ್ತದೆ ಎಂಬುದನ್ನು ಅವರು ಮುಚ್ಚಿಡದೆ ಓದುಗರಿಗೆ ಹೇಳುತ್ತಾರೆ, ಓದುಗರು ಒಪ್ಪಿಕೊಂಡಿದ್ದಾರೆ. ಕಡೂರಿನ ಬಯಲುಸೀಮೆಗೆ ಬಿಸಿಲಿನ ಕೊರತೆಯಿಲ್ಲ. ಊರಿನ ಸುದ್ದಿ, ದಾಖಲೆ, ಕತೆಗಳನ್ನಿಟ್ಟ ತಾಣವೊಂದು ವರ್ಷದಲ್ಲಿ ಕೆಲವು ಗಂಟೆ ನಿಂತರೆ ಯಾರ ಅನ್ನವೂ ಕೆಡುವುದಿಲ್ಲ. ಬ್ಯಾಂಕಿಗೆ, ಆಸ್ಪತ್ರೆಗೆ ಬೇಕಾದ ನಿರಂತರತೆಯನ್ನೇ ಎಲ್ಲದಕ್ಕೂ ಅಳತೆಗೋಲಾಗಿ ಹಿಡಿದದ್ದರಿಂದಲೇ ಸಣ್ಣವರಿಗೆ ಇದು ಅಸಾಧ್ಯ ಎಂಬ ಭಾವನೆ ಬೆಳೆದಿದೆ.

ಇಂಟರ್ನೆಟ್ಟಿನ ವಿಷಯದಲ್ಲಿ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ದೇಶದ ರೈಲು ಹಳಿಗಳ ಪಕ್ಕದಲ್ಲಿ ರೈಲ್‌ಟೆಲ್ ಫೈಬರ್ ಹಾಸಿದೆ, ಭಾರತ್‌ನೆಟ್ ಯೋಜನೆ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಒಯ್ಯಲು ಹೊರಟಿದೆ. ತಂತಿ ದೂರವಿಲ್ಲ ನಿಜ. ಆದರೆ ಮನೆಯ ಸಂಪರ್ಕಗಳಲ್ಲಿ ಕಂಪನಿಗಳು ಸಾಮಾನ್ಯವಾಗಿ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವುದರಿಂದ ಹೊರಗಿನವರಿಗೆ ನಿಮ್ಮ ಕಂಪ್ಯೂಟರಿನ ಬಾಗಿಲು ಕಾಣುವುದೇ ಇಲ್ಲ. ಇದಕ್ಕೆ ದಾರಿಗಳಿವೆ. ಶುಲ್ಕ ಕೊಟ್ಟು ಸ್ಥಿರ ವಿಳಾಸ ಪಡೆಯಬಹುದು. ಹೊಸ ಮಾದರಿಯ ಐಪಿವಿ6 ವಿಳಾಸಗಳ ಬಳಕೆಯಲ್ಲಿ ಭಾರತ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ, ಅದನ್ನು ಬಳಸಬಹುದು. ಅಥವಾ ದತ್ತಾಂಶ ಕೇಂದ್ರವೊಂದರಲ್ಲಿ ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಗೆ ಪುಟ್ಟ ವರ್ಚುವಲ್ ಸರ್ವರ್ ಹಿಡಿಯಬಹುದು. ಯಂತ್ರ ಬೀರೂರಿನಲ್ಲೇ ಇರಬೇಕೆಂಬ ಹಟ ನನಗಿಲ್ಲ. ಅದರ ಕೀಲಿ ಬೀರೂರಿನವರ ಕೈಯಲ್ಲಿರಬೇಕು, ಅದನ್ನು ನಡೆಸುವ ತಿಳಿವಳಿಕೆ ಬೀರೂರಿನಲ್ಲಿರಬೇಕು. ಬಾಡಿಗೆಯ ಮನೆಯಲ್ಲಿದ್ದರೂ ಸಾಮಾನು ನಮ್ಮದಾದರೆ ನಾಳೆ ಬೇರೆ ಮನೆಗೆ ಹೊರಡಬಹುದು.

ತಾಲ್ಲೂಕು ಮಟ್ಟದ ಊರುಗಳಿಗೆ ಈ ಹೊಣೆ ಹೊರುವ ಶಕ್ತಿಯಿಲ್ಲ ಎನ್ನುವವರು ಕರ್ನಾಟಕದ್ದೇ ಒಂದು ಅಧ್ಯಾಯವನ್ನು ಮರೆತಿದ್ದಾರೆ. ಎರಡು ಸಾವಿರದ ಇಸವಿಯ ಸುಮಾರಿಗೆ ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅವು ಆಗ ಇದ್ದದ್ದು ಬೆಂಗಳೂರಿನ ಒಂದೇ ಕಡೆಯಲ್ಲಲ್ಲ, ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿ. ಕಡೂರಿನ ಪಹಣಿ ಕಡೂರಿನಲ್ಲಿ, ತರೀಕೆರೆಯದು ತರೀಕೆರೆಯಲ್ಲಿ. ಅಜ್ಜಂಪುರ ಆಗಿನ್ನೂ ತರೀಕೆರೆಗೆ ಸೇರಿದ ಹೋಬಳಿ. ಹದಿನೈದು ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿ ಪಡೆಯುತ್ತಿದ್ದ ಆ ಕೇಂದ್ರಗಳನ್ನು ನಡೆಸುತ್ತಿದ್ದವರು ಅದಕ್ಕೆಂದೇ ತರಬೇತಿ ಪಡೆದ ಗ್ರಾಮಲೆಕ್ಕಿಗರು. ಬೆರಳಚ್ಚು ಕೊಟ್ಟು ಒಳಹೋಗುವುದು, ದಿನದ ಕೊನೆಗೆ ಪ್ರತಿ ತೆಗೆದಿಡುವುದು ಮೊದಲಾದ ಶಿಸ್ತನ್ನು ಅವರು ಕೆಲಸ ಮಾಡುತ್ತಲೇ ಕಲಿತರು. ಮುಂದೆ ಎಲ್ಲ ದಾಖಲೆಗಳೂ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಅದಕ್ಕೆ ಕಾರಣಗಳಿದ್ದವು: ಒಬ್ಬ ರೈತನ ಜಮೀನಿನ ದಾಖಲೆ ಯಾವ ಊರಿನಲ್ಲಾದರೂ ಸಿಗಬೇಕು, ಬ್ಯಾಂಕು ಮತ್ತು ನೋಂದಣಿ ಕಚೇರಿಗಳಿಗೆ ಅದು ಕಾಣಬೇಕು, ಸ್ಥಳೀಯ ಕೈವಾಡ ನಿಲ್ಲಬೇಕು. ಆ ನಿರ್ಧಾರವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಯಂತ್ರದ ಜೊತೆಗೆ ತಿಳಿವಳಿಕೆಯೂ ತಾಲ್ಲೂಕಿನಿಂದ ಹೊರಟುಹೋಯಿತು. ತಾಲ್ಲೂಕು ಕಚೇರಿಯಲ್ಲಿ ಸರ್ವರ್ ನೋಡಿಕೊಂಡವರ ಜಾಗಕ್ಕೆ ಪರದೆಯ ಮುಂದೆ ಕಾದು ಕೂರುವವರು ಬಂದರು. ಕೇಂದ್ರದಲ್ಲಿಡಬೇಕಾದದ್ದು ಕೇಂದ್ರದಲ್ಲಿರಲಿ. ಊರಿಗೆ ಸೇರಿದ್ದನ್ನಾದರೂ ಊರು ಇಟ್ಟುಕೊಳ್ಳಲು ಕಲಿಯಬೇಕು.

ಊರಿಗೆ ಸೇರಿದ್ದು ಏನಿದೆ ಎಂದು ಕೇಳಬಹುದು. ಅಜ್ಜಂಪುರ ಸೀತಾರಾಂ, ಅಂದರೆ ಕನ್ನಡ ಸಣ್ಣಕತೆಯ ‘ಆನಂದ’, ಈ ಸೀಮೆಯವರು; ‘ನಾನು ಕೊಂದ ಹುಡುಗಿ’ ಬರೆದವರು. ಅವರು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ನಿಧನದ ನಂತರ ಅರವತ್ತು ವರ್ಷಕ್ಕೆ ಹಕ್ಕುಸ್ವಾಮ್ಯ ತೀರುವುದರಿಂದ, ಅವರ ಜೀವಿತಕಾಲದಲ್ಲಿ ಅಚ್ಚಾದ ಕತೆಗಳು 2024ರ ಆರಂಭದಿಂದ ಎಲ್ಲರ ಸ್ವತ್ತು. ಅವನ್ನು ಶುದ್ಧ ಪಾಠವಾಗಿ ಟೈಪಿಸಿ, ಅಜ್ಜಂಪುರದ ಗ್ರಂಥಾಲಯದ ಸರ್ವರಿನಿಂದ ಜಗತ್ತಿಗೆ ಬಡಿಸುವುದಕ್ಕಿಂತ ಮಿಗಿಲಾದ ಪ್ರಾಯೋಗಿಕ ಪಾಠ ಕಾಲೇಜಿನ ಹುಡುಗರಿಗೆ ಯಾವುದಿದೆ? ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ, ಸುತ್ತಲಿನ ಕಾವಲುಗಳ ಚರಿತ್ರೆ, 1196ರ ಅಮೃತಾಪುರದ ದೇವಾಲಯ, ಬೀರೂರು-ಶಿವಮೊಗ್ಗ ರೈಲಿನ ಕತೆ, ಹಳೆಯ ಶಾಲೆಗಳ ಶತಮಾನೋತ್ಸವದ ಸಂಚಿಕೆಗಳು, ಅಡಿಕೆ-ಕೊಬ್ಬರಿ ವಹಿವಾಟಿನ ನೆನಪುಗಳು, ಕೆರೆಗಳ ವಿವರ, ಪುರಸಭೆಯ ನಡಾವಳಿ: ಇವೆಲ್ಲ ಇಂದು ಅಲ್ಮೇರಾಗಳಲ್ಲೋ ಯಾರದೋ ಮೊಬೈಲಿನಲ್ಲೋ ಚದುರಿವೆ. ಇವುಗಳಲ್ಲಿ ಬಹುಪಾಲು ಬರಿಯ ಅಕ್ಷರ ಮತ್ತು ಚಿತ್ರ. ಮೊಬೈಲಿನ ಒಂದು ಫೋಟೋ ಹಿಡಿಸುವ ಜಾಗದಲ್ಲಿ ಹತ್ತಾರು ದೀರ್ಘ ಲೇಖನಗಳು ಹಿಡಿಸುತ್ತವೆ. ಪುಟ್ಟ ಸರ್ವರಿಗೆ ಇದು ಹೊರೆಯೇ ಅಲ್ಲ.

ಹೊರಗಿನ ಇಂಟರ್ನೆಟ್ಟಿಗೆ ಜೋಡಿಸದೆಯೂ ಸರ್ವರ್ ಉಪಯೋಗಕ್ಕೆ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಶಾಲೆಯ ವೈಫೈಗೆ ಒಂದು ಪೈ ಜೋಡಿಸಿ, ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವನ್ನು ಅದರಲ್ಲಿಡಬಹುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನ ಕನ್ನಡ ಮಕ್ಕಳ ಕತೆಗಳನ್ನು ಮುಕ್ತ ಪರವಾನಗಿಯಡಿ ಇಳಿಸಿಕೊಂಡು ಇಡಬಹುದು. ಮಕ್ಕಳು ಡೇಟಾ ಖರ್ಚಿಲ್ಲದೆ, ಜಾಹೀರಾತಿನ ಕಾಟವಿಲ್ಲದೆ ಓದುತ್ತಾರೆ. ನಮ್ಮ ನೆರೆಯ ತುಮಕೂರು ಜಿಲ್ಲೆಯಲ್ಲಿ, ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಬೆಂಗಳೂರಿನ ಜನಸ್ತು ಸಂಸ್ಥೆ ಇಂಥದ್ದನ್ನು ಮಾಡಿ ತೋರಿಸಿದೆ. ಮನೆಯಿಂದ ಮನೆಗೆ ವೈಫೈ ಹಾಯುವ ಸಮುದಾಯದ ಜಾಲ, ಅದಕ್ಕೆ ಹಳ್ಳಿಯಲ್ಲೇ ಇರುವ ಪುಟ್ಟ ಸರ್ವರ್, ಊರವರ ದನಿಗಳನ್ನು ಧ್ವನಿಮುದ್ರಿಸಿ ಊರವರೇ ಕೇಳುವ ಏರ್ಪಾಟು. ಓದು-ಬರಹ ಕಡಿಮೆಯಿರುವವರೂ ದನಿಯ ಮೂಲಕ ವೆಬ್ಬಿನಲ್ಲಿ ಪಾಲು ಪಡೆಯಬಹುದು ಎಂಬುದು ಅವರ ಕೆಲಸದ ಹಿಂದಿನ ವಿಚಾರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರುಗಳೂ ಬಂದಿವೆ. ಅವುಗಳಲ್ಲೊಂದು ಸರ್ವರ್ ಆಗುವುದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ.

ಫೇಸ್‌ಬುಕ್ ಇದೆ, ವಾಟ್ಸಾಪ್ ಗುಂಪುಗಳಿವೆ, ಜನ ಇರುವುದೂ ಅಲ್ಲೇ. ಯಾರೂ ಬಾರದ ತಾಣವನ್ನು ಕಟ್ಟಿ ಏನು ಪ್ರಯೋಜನ ಎಂಬ ಮಾತನ್ನು ತಳ್ಳಿಹಾಕಲಾಗದು. ಸುದ್ದಿ ಹರಡಲು ಅವು ಒಳ್ಳೆಯವು, ಬಳಸೋಣ. ಆದರೆ ಕೂಡಿಡಲು ಅವು ತಕ್ಕ ಜಾಗವಲ್ಲ. ಲಕ್ಷಾಂತರ ಜನ ಸ್ವಂತ ಪುಟಗಳನ್ನು ಕಟ್ಟಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕನ್ನಡಿಗರು ಸಾಹಿತ್ಯ, ಸಿನಿಮಾ, ಭಾಷೆಯ ಬಗ್ಗೆ ರಾತ್ರಿಯೆಲ್ಲ ಚರ್ಚಿಸಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗುಂಪುಗಳು 2020ರಲ್ಲಿ ಹೋದವು. ಇವೆಲ್ಲ ತಮ್ಮ ಕಾಲದಲ್ಲಿ ಶಾಶ್ವತವೆಂದೇ ತೋರಿದ್ದವು. ಇನ್ನೊಂದು ಕಡೆ, 1996ರಲ್ಲೇ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಸ್ವಂತ ಜಾಲತಾಣವಾಗಿ ಆರಂಭಿಸಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ಕೊಟ್ಟರು. ಯೂನಿಕೋಡ್ ಬಳಕೆಗೆ ಬಾರದ ಕಾಲ, ಓದುಗನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇದೆಯೋ ಇಲ್ಲವೋ ಎಂಬ ಕಾಲ ಅದು. ಈಗಿರುವ ಯಾವ ಅನುಕೂಲವೂ ಇಲ್ಲದಾಗ ಅಷ್ಟು ಸಾಧ್ಯವಾಗಿತ್ತು.

ಸ್ವಂತ ತಾಣಗಳೂ ಸಾಯುತ್ತವೆ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಕನ್ನಡದ ಎಷ್ಟೋ ಒಳ್ಳೆಯ ತಾಣಗಳು ನಡೆಸುವವರು ದಣಿದದ್ದರಿಂದ, ಡೊಮೇನಿನ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದೆ ಇಲ್ಲವಾಗಿವೆ. ಬೀರೂರಿನಲ್ಲಿ ಕಲಿತ ಹುಡುಗಿ ನಾಳೆ ಬೆಂಗಳೂರಿನ ಕೆಲಸಕ್ಕೆ ಹೋದಾಗ ಸರ್ವರಿನ ಪಾಸ್‌ವರ್ಡ್ ಕೂಡ ಅವಳ ಜೊತೆಗೇ ಹೋಗುವ ಅಪಾಯ ನಿಜವಾದದ್ದು. ನನ್ನ ಮಟ್ಟಿಗೆ ಇಡೀ ಯೋಚನೆಯ ಅತ್ಯಂತ ದುರ್ಬಲ ಕೊಂಡಿ ಇದು, ತಂತ್ರಜ್ಞಾನವಲ್ಲ. ಇದಕ್ಕೆ ಉತ್ತರ ಸಂಸ್ಥೆಯಲ್ಲಿದೆ. ಡೊಮೇನ್ ವ್ಯಕ್ತಿಯ ಹೆಸರಿನಲ್ಲಿರದೆ ಗ್ರಂಥಾಲಯದ ಅಥವಾ ಕಾಲೇಜಿನ ಹೆಸರಿನಲ್ಲಿರಬೇಕು. ಏನು ಎಲ್ಲಿದೆ, ಕೆಟ್ಟರೆ ಹೇಗೆ ಮತ್ತೆ ಕಟ್ಟಬೇಕು ಎಂಬುದು ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿರಬೇಕು. ಪ್ರತಿ ವರ್ಷ ಹಿರಿಯ ತಂಡ ಕಿರಿಯ ತಂಡಕ್ಕೆ ಅದನ್ನು ಒಪ್ಪಿಸಬೇಕು. ಒಪ್ಪಿಸುವ ದಿನ ಖಾಲಿ ಯಂತ್ರವೊಂದರಲ್ಲಿ ಬ್ಯಾಕಪ್‌ನಿಂದ ಇಡೀ ತಾಣವನ್ನು ಮತ್ತೆ ಎಬ್ಬಿಸಿ ತೋರಿಸಬೇಕು. ಹಾಗೆ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸುವ ಹಾಗಿಲ್ಲ.

ಭದ್ರತೆಯ ಭಯವೂ ಸಕಾರಣ. ಹೊಸ ಸರ್ವರ್ ಇಂಟರ್ನೆಟ್ಟಿಗೆ ಬಂದ ಸ್ವಲ್ಪ ಹೊತ್ತಿಗೇ ಲಾಗ್‌ನಲ್ಲಿ ಅಪರಿಚಿತ ಯಂತ್ರಗಳ ತಟ್ಟುವಿಕೆ ಶುರುವಾಗುತ್ತದೆ. ವರ್ಡ್‌ಪ್ರೆಸ್ ಹಾಕದಿದ್ದರೂ ವರ್ಡ್‌ಪ್ರೆಸ್‌ನ ಬಾಗಿಲನ್ನು ಹುಡುಕುತ್ತಾರೆ, ಸುಲಭ ಪಾಸ್‌ವರ್ಡುಗಳನ್ನು ಒಂದರ ಹಿಂದೊಂದು ಪ್ರಯತ್ನಿಸುತ್ತಾರೆ. ಆದ್ದರಿಂದಲೇ ಪಾಸ್‌ವರ್ಡಿನ ಬದಲು ಕೀಲಿಕಡತದಿಂದ ಒಳಹೋಗುವುದು, ಬೇಡದ ಬಾಗಿಲುಗಳನ್ನೆಲ್ಲ ಫೈರ್‌ವಾಲ್‌ನಿಂದ ಮುಚ್ಚುವುದು, ಭದ್ರತಾ ಪರಿಷ್ಕರಣೆಗಳು ತಾವಾಗಿ ಬರುವಂತೆ ಮಾಡುವುದು ಮೊದಲ ವಾರದ ಪಾಠವಾಗಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರಿಂದ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿದೆ. ಅದರ ಅವಧಿ ಚಿಕ್ಕದು, ಆದರೆ ನವೀಕರಣ ತಾನಾಗಿ ನಡೆಯುವಂತೆ ಹೊಂದಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ಊರಿನ ಪುಟ್ಟ ಸರ್ವರಿನಲ್ಲಿ ಆಧಾರ್ ಸಂಖ್ಯೆ, ಫೋನ್ ನಂಬರ್, ರೋಗಿಗಳ ವಿವರದಂಥ ಖಾಸಗಿ ಮಾಹಿತಿ ಇಡಕೂಡದು. ಎಲ್ಲರೂ ಓದಲೆಂದೇ ಇಟ್ಟ ಪುಟಗಳನ್ನು ಮಾತ್ರ ಹೊತ್ತ ಸರ್ವರಿನಲ್ಲಿ ಕದಿಯುವಂಥದ್ದು ಕಡಿಮೆ. ಯಾರಾದರೂ ಕೆಡಿಸಿದರೆ ಒರೆಸಿ ಮತ್ತೆ ಹಾಕಬಹುದು. ದೊಡ್ಡದಾದರೆ ತಾನಾಗಿಯೇ ಭದ್ರ ಎಂಬುದೂ ಸುಳ್ಳು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ದಾಳಿಗೆ ಸಿಕ್ಕಿ ಹಲವು ದಿನ ಕೈಬರಹದಲ್ಲೇ ಕೆಲಸ ನಡೆಯಬೇಕಾಯಿತು. 2021ರ ಅಕ್ಟೋಬರ್ 4ರಂದು ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ತಪ್ಪು ಆದೇಶದಿಂದ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮರೆಯಾಗಿದ್ದವು.

ಇಂಗ್ಲಿಷ್ ಬಾರದ ಮಕ್ಕಳಿಗೆ ಇದೆಲ್ಲ ಹೇಗೆ ಎಂಬ ಅನುಮಾನಕ್ಕೆ ಕಾಸರಗೋಡಿನಲ್ಲಿ ಉತ್ತರವಿದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶವಾದ ಲಿನಕ್ಸ್ ಮೇಲೆಯೇ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ವ್ಯವಸ್ಥೆ, ಅವರಿಗೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಗಡಿಯಾಚೆಯ ಕನ್ನಡ ಮಕ್ಕಳು ಹೈಸ್ಕೂಲಿನಲ್ಲಿ ಮಾಡುತ್ತಿರುವುದು ನಮ್ಮ ಪದವಿ ವಿದ್ಯಾರ್ಥಿಗಳಿಗೆ ಮೀರಿದ್ದು ಎನ್ನುವುದಕ್ಕೆ ಆಧಾರವಿಲ್ಲ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್‌ನ ಮೊದಲ ಪಾಠಗಳು ಕನ್ನಡದ ದನಿಯಲ್ಲಿ ಉಚಿತವಾಗಿ ಸಿಗುತ್ತವೆ. ಇನ್ನು ಕೃತಕ ಬುದ್ಧಿಮತ್ತೆಯೇ ಕಾನ್ಫಿಗ್ ಬರೆದುಕೊಡುವಾಗ ಕಲಿಯುವುದೇಕೆ ಎನ್ನುವವರಿದ್ದಾರೆ. ಬರೆದುಕೊಡುತ್ತದೆ, ನಿಜ; ಆದರೆ ಬರೆದದ್ದು ಸರಿಯೇ, ಯಾವ ಬಾಗಿಲನ್ನು ತೆರೆದಿಟ್ಟಿತು ಎಂದು ತಿಳಿಯುವುದಕ್ಕಾದರೂ ಓದುವವರು ಬೇಕು. ಅರ್ಥವಾಗದ ಆದೇಶವನ್ನು ಅಂಟಿಸಿ ನಡೆಸಿದ ಸರ್ವರ್ ಕೆಟ್ಟ ದಿನ ಮತ್ತೆ ‘ಸರ್ವರ್ ಇಲ್ಲ’ ಎಂಬಲ್ಲಿಗೇ ಬಂದು ನಿಲ್ಲುತ್ತೇವೆ.

ಕೊರತೆ ಇರುವುದು ಕನ್ನಡದ ಒಂದು ಪೂರ್ಣ ಕೈಪಿಡಿಯದು. ಯಂತ್ರವನ್ನು ಸಿದ್ಧಪಡಿಸುವುದರಿಂದ ಹಿಡಿದು ಲಾಗ್ ಓದುವುದು, ಬ್ಯಾಕಪ್ ಎಬ್ಬಿಸುವುದು, ಕನ್ನಡ ಪುಟದ ಸಂಕೇತಕ್ರಮ ಹೇಳುವುದರವರೆಗೆ, ದೋಷದ ಸಂದೇಶಗಳ ಅರ್ಥದೊಡನೆ, ಹುಡುಗರು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಬಹುದಾದ ಪುಸ್ತಕ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಮತ್ತು ಹೊರದೇಶಗಳಲ್ಲಿ ದೊಡ್ಡ ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುತ್ತಿರುವ ಕನ್ನಡಿಗರು ಸಾವಿರಾರು ಜನ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಇಂಥ ಊರುಗಳಿಂದಲೇ ಹೋದವರು. ಅವರಲ್ಲಿ ನಾಲ್ವರು ಸೇರಿ ಆ ಪುಸ್ತಕವನ್ನು ಬರೆದು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡಲಿ. ರಜೆಗೆ ಊರಿಗೆ ಬಂದಾಗ ಎರಡು ದಿನ ತಮ್ಮ ಹಳೆಯ ಕಾಲೇಜಿನಲ್ಲಿ ಕುಳಿತು ಒಂದು ತಂಡಕ್ಕೆ ಕಲಿಸಿಕೊಡಲಿ. ಕಾಲೇಜಿನ ಪ್ರಾಂಶುಪಾಲರು, ಅರಿವು ಕೇಂದ್ರದ ಮೇಲ್ವಿಚಾರಕರು ಮೂಲೆಯಲ್ಲಿರುವ ಹಳೆಯ ಕಂಪ್ಯೂಟರುಗಳಲ್ಲಿ ಒಂದನ್ನು ಈ ಕೆಲಸಕ್ಕೆ ಬಿಟ್ಟುಕೊಡಲಿ.